ಐದು ನಿಮಿಷದ ಜಗಳ, ನಲವತ್ಮೂರು ನಿಮಿಷದ ಶಿಕ್ಷೆ

ಕೆನಡಾದ ಮಿಸ್ಸಿಸಾಗಾದಲ್ಲಿರುವ ನನ್ನ ಅಳಿಯ 2025ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಕಳಿಸಿದ. "ಮಾಮ, ಇದನ್ನು ನೋಡಿ, ಆಮೇಲೆ ಮಾತಾಡುವ" ಅಂತ ಕೆಳಗೆ ಬರೆದಿದ್ದ. ಮಾಂಟ್ರಿಯಲ್‌ನಲ್ಲಿ ಫೆಬ್ರವರಿ 15ರಂದು ನಡೆದ ಅಮೆರಿಕ ಮತ್ತು ಕೆನಡಾ ನಡುವಿನ ಐಸ್ ಹಾಕಿ ಪಂದ್ಯ ಅದು. ಆಟ ಶುರುವಾಗಿ ಒಂಬತ್ತು ಸೆಕೆಂಡ್ ಕಳೆಯುವುದರೊಳಗೆ ಮೂರು ಹೊಡೆದಾಟ. ಅಮೆರಿಕದ ಮ್ಯಾಥ್ಯೂ ಕಚಕ್ ಗ್ಲೌಸ್ ಬಿಸಾಡಿ ಕೆನಡಾದ ಬ್ರ್ಯಾಂಡನ್ ಹೇಗಲ್ ಜೊತೆ ಕೈ ಕೈ ಮಿಲಾಯಿಸಿದರು. ಅದು ಮುಗಿದ ಕೂಡಲೇ ಅವರ ತಮ್ಮ ಬ್ರೇಡಿ ಇನ್ನೊಬ್ಬನ ಜೊತೆ. ಅದೂ ಮುಗಿಯಿತು, ಮೂರನೇ ಜೋಡಿ. ರೆಫ್ರಿಗಳು ಪಕ್ಕದಲ್ಲಿ ನಿಂತು, ಇಬ್ಬರಲ್ಲಿ ಒಬ್ಬ ಬೀಳುವವರೆಗೆ ಕಾದರು. ಗ್ಯಾಲರಿ ಪೂರ್ತಿ ಎದ್ದು ನಿಂತಿತ್ತು. ಆರೂ ಜನ ಐದೈದು ನಿಮಿಷ ಹೊರಗೆ ಕೂತರು. ಆಟ ಮುಂದುವರಿಯಿತು. ಅಮೆರಿಕ 3-1ರಿಂದ ಗೆದ್ದಿತು.

ರಾತ್ರಿ ಫೋನ್ ಮಾಡಿದ ಅಳಿಯ ಕೇಳಿದ್ದು ಒಂದೇ ಪ್ರಶ್ನೆ. "ಊರಿನ ಹಾಕಿಯಲ್ಲಿ ಯಾಕೆ ಹೀಗೆ ಹೊಡೆದಾಡುವುದಿಲ್ಲ ಮಾಮ? ಇಲ್ಲಿಯವರು ಅಷ್ಟು ಗಟ್ಟಿಯಾ?"

ಉಡುಪಿಯ ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವನು ನಾನು. ಆದರೂ ಅವತ್ತು ಸರಿಯಾದ ಉತ್ತರ ಸಿಗಲಿಲ್ಲ. ಆಮೇಲೆ ಎರಡೂ ಆಟಗಳ ನಿಯಮ ಓದಿದೆ, ಹಳೆಯ ಪಂದ್ಯಗಳನ್ನು ಮತ್ತೆ ನೋಡಿದೆ. ಈಗ ನನಗೆ ಅನಿಸುವುದು ಹೀಗೆ: ಮೈದಾನದ ಹೊಡೆದಾಟಕ್ಕೂ ಆಟಗಾರನ ಮೈಯ ಗಟ್ಟಿತನಕ್ಕೂ ಸಂಬಂಧ ತೀರಾ ಕಡಿಮೆ. ಜಗಳಕ್ಕೆ ನಿಯಮ ಎಷ್ಟು ಬೆಲೆ ಕಟ್ಟಿದೆ, ಆ ಬೆಲೆಯನ್ನು ಯಾರು ತೆರುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಮಂಜಿನ ಮೇಲಿನ ಲೆಕ್ಕ ನೋಡುವ. ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್. ಶುರುವಾದದ್ದು 1917ರಲ್ಲಿ. 1922ರಲ್ಲೇ ಅಲ್ಲಿ ಮುಷ್ಟಿ ಜಗಳಕ್ಕೆ ನಿಯಮ ಬಂತು. ಆ ನಿಯಮ ಜಗಳವನ್ನು ನಿಷೇಧಿಸಲಿಲ್ಲ, ಅದಕ್ಕೆ ಐದು ನಿಮಿಷದ ದಂಡ ಹಾಕಿತು. ನೂರು ವರ್ಷ ದಾಟಿದರೂ ಮೂಲ ದಂಡ ಅಷ್ಟೇ ಇದೆ. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇಬ್ಬರೂ ಹೊಡೆದಾಡಿದರೆ ಇಬ್ಬರಿಗೂ ದಂಡ ಬೀಳುತ್ತದೆ. ಆಗ ಎರಡೂ ತಂಡಗಳು ಬದಲಿ ಆಟಗಾರರನ್ನು ಇಳಿಸಬಹುದು. ಗೋಲ್‌ಕೀಪರ್ ಬಿಟ್ಟು ಐದು ಜನರ ವಿರುದ್ಧ ಐದು ಜನ, ಮೊದಲಿನ ಹಾಗೆಯೇ ಆಟ. ಅಂದರೆ ಜಗಳವಾಡಿದವನು ಕೂರುತ್ತಾನೆ, ಅವನ ತಂಡಕ್ಕೆ ಏನೂ ಕಡಿಮೆಯಾಗುವುದಿಲ್ಲ. 1992ರಲ್ಲಿ ಜಗಳ ಶುರು ಮಾಡಿದವನಿಗೆ ಹೆಚ್ಚುವರಿ ದಂಡ ಸೇರಿಸಿದರು. ಆದರೆ ಇಬ್ಬರೂ ಒಪ್ಪಿ ಗ್ಲೌಸ್ ಬಿಸಾಡಿದರೆ ಶುರು ಮಾಡಿದವನು ಯಾರು ಅಂತ ಹೇಳುವುದು ಹೇಗೆ?

ಐಸ್ ಹಾಕಿಯಲ್ಲಿ ಮೈಗೆ ಮೈ ಗುದ್ದುವುದು ಆಟದ ಭಾಗವೇ. ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಇರುವವನನ್ನು ಭುಜದಿಂದ, ಸೊಂಟದಿಂದ ಗುದ್ದಿ ಗೋಡೆಗೆ ಒತ್ತಬಹುದು. ಅದಕ್ಕೆ ಬಾಡಿ ಚೆಕ್ ಅನ್ನುತ್ತಾರೆ. ಸುತ್ತ ಗೋಡೆ, ಕಾಲಿಗೆ ಬ್ಲೇಡ್, ಗಂಟೆಗೆ ಮೂವತ್ತು ಕಿಲೋಮೀಟರ್ ಮೀರಿದ ವೇಗ. ಇಂಥ ಕಡೆ ಯಾರೋ ಒಬ್ಬ ಬೇಕಂತಲೇ ತಲೆಗೆ ಗುದ್ದಿದರೆ? ರೆಫ್ರಿ ನೋಡದಿದ್ದರೆ? ಅಲ್ಲಿಂದಲೇ ಹುಟ್ಟಿದ್ದು ಅಲ್ಲಿಯವರ ಅಲಿಖಿತ ಕಟ್ಟಳೆ. ನಮ್ಮ ಒಳ್ಳೆಯ ಆಟಗಾರನನ್ನು ನೀನು ಮುಟ್ಟಿದರೆ ನಮ್ಮವನು ನಿನ್ನನ್ನು ವಿಚಾರಿಸಿಕೊಳ್ಳುತ್ತಾನೆ. ವೇಯ್ನ್ ಗ್ರೆಟ್ಸ್‌ಕಿ ಎಂಬ ಮಹಾನ್ ಆಟಗಾರ ಎಡ್ಮಂಟನ್‌ನಲ್ಲಿದ್ದಾಗ ಅವರ ಕಾವಲಿಗೆ ಡೇವ್ ಸೆಮೆಂಕೊ, ಆಮೇಲೆ ಮಾರ್ಟಿ ಮೆಕ್‌ಸಾರ್ಲಿ ಇದ್ದರು. ಇಂಥವರಿಗೆ ಎನ್‌ಫೋರ್ಸರ್ ಅಂತ ಹೆಸರು. ತಂಡದ ಬಾಡಿಗಾರ್ಡ್ ಅನ್ನಬಹುದು.

ನನಗೆ ತುಂಬ ನೋವಾದದ್ದು ಈ ಬಾಡಿಗಾರ್ಡ್‌ಗಳ ಕತೆ ಓದಿದಾಗ. ಫಿಲಡೆಲ್ಫಿಯಾ ತಂಡದ ಡೇವ್ ಶುಲ್ಟ್ಸ್ 1974-75ರ ಒಂದೇ ಸೀಸನ್‌ನಲ್ಲಿ 472 ನಿಮಿಷ ದಂಡದ ಬೆಂಚಿನಲ್ಲಿ ಕೂತರು. ಆ ದಾಖಲೆ ಇವತ್ತಿಗೂ ಹಾಗೇ ಇದೆ. ಆ ತಂಡ 1974, 1975 ಎರಡೂ ವರ್ಷ ಲೀಗ್‌ನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದವರನ್ನು ನೋಡಿ ಉಳಿದವರೂ ಹೊಡೆಯುವವರನ್ನು ಹುಡುಕತೊಡಗಿದರು. ಎತ್ತರದ, ದಪ್ಪ ಮೈಯ ಹುಡುಗರಿಗೆ ಸಣ್ಣ ವಯಸ್ಸಿನಲ್ಲೇ ನಿನ್ನ ಕೆಲಸ ಇದೇ ಅಂತ ಹೇಳಿಬಿಟ್ಟರು. ಡೆರೆಕ್ ಬೂಗಾರ್ಡ್ ಅಂಥ ಒಬ್ಬ. ಎನ್‌ಎಚ್‌ಎಲ್‌ನಲ್ಲಿ 277 ಪಂದ್ಯ ಆಡಿದರು. ಹೊಡೆದ ಗೋಲು ಮೂರೇ ಮೂರು. ಉಳಿದದ್ದೆಲ್ಲ ಮುಷ್ಟಿಯ ಕೆಲಸ. ನೋವಿನ ಮಾತ್ರೆಗಳ ಚಟ ಹತ್ತಿ, 2011ರ ಮೇ ತಿಂಗಳಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದಾಗ ಸಿಟಿಇ ಎಂಬ ಕಾಯಿಲೆ ಕಂಡಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಮೆದುಳು ಮೆಲ್ಲಗೆ ಹಾಳಾಗುವ ಕಾಯಿಲೆ ಅದು. ಮರೆವು, ಸಿಟ್ಟು, ಖಿನ್ನತೆ ಅದರ ಲಕ್ಷಣಗಳು. ಸತ್ತ ಮೇಲೆ ಮೆದುಳನ್ನು ನೋಡಿಯೇ ಅದನ್ನು ಖಚಿತವಾಗಿ ಹೇಳಲು ಸಾಧ್ಯ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಎಂಬ ಇನ್ನಿಬ್ಬರೂ ಹೋದರು. ನಾಲ್ಕು ತಿಂಗಳಲ್ಲಿ ಮೂವರು. ಮೂವರೂ ಹೊಡೆದಾಟಕ್ಕೆ ಹೆಸರಾದವರು. ಇಷ್ಟಾದರೂ ಹಾಕಿಗೂ ಈ ಕಾಯಿಲೆಗೂ ನಂಟಿದೆ ಅಂತ ಲೀಗ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ವರ್ಷಗಟ್ಟಲೆ ಒಪ್ಪಿಕೊಳ್ಳಲಿಲ್ಲ.

ನಮ್ಮ ತುಳುನಾಡಿನಲ್ಲಿ ಕೋಳಿ ಅಂಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಯ ಕೋಳಿಗೆ, ದುಡ್ಡು ಸುತ್ತ ನಿಂತವರಿಗೆ.

ಹೊಡೆದಾಟ ಇದ್ದರೆ ಉಳಿದವರು ಹದ್ದುಬಸ್ತಿನಲ್ಲಿ ಇರುತ್ತಾರೆ ಅನ್ನುವುದು ಅಲ್ಲಿಯ ಹಳಬರ ವಾದ. ಕೇಳಲು ಸರಿ ಅನಿಸುತ್ತದೆ. ಆದರೆ ಅದನ್ನು ಅಲ್ಲಾಡಿಸುವ ಸಂಗತಿ ಅದೇ ಆಟದಲ್ಲಿದೆ. ಲೀಗ್ ಹಂತ ಮುಗಿದು ಪ್ಲೇಆಫ್ ಶುರುವಾದ ಕೂಡಲೇ ಜಗಳಗಳು ದಿಢೀರನೆ ಇಳಿಯುತ್ತವೆ. ಅದೇ ಆಟಗಾರರು, ಅದೇ ಸಿಟ್ಟು, ಇನ್ನೂ ಜಾಸ್ತಿ ಒತ್ತಡ. ಆದರೆ ಪ್ಲೇಆಫ್‌ನಲ್ಲಿ ಒಳ್ಳೆಯ ಆಟಗಾರ ಐದು ನಿಮಿಷ ಹೊರಗೆ ಕೂತರೆ, ಹೆಚ್ಚುವರಿ ದಂಡ ಬಿದ್ದು ಎದುರಾಳಿಗೆ ಒಂದು ಗೋಲು ಸಿಕ್ಕಿಬಿಟ್ಟರೆ, ಇಡೀ ವರ್ಷದ ಶ್ರಮ ಹೋಯಿತು. ಒಂಬತ್ತು ಸೆಕೆಂಡಿನಲ್ಲಿ ಮೂರು ಸಲ ಹೊಡೆದಾಡಿದ ಅದೇ ಎರಡು ತಂಡಗಳು ಐದು ದಿನ ಬಿಟ್ಟು, ಫೆಬ್ರವರಿ 20ರಂದು, ಅದೇ ಟೂರ್ನಿಯ ಫೈನಲ್‌ನಲ್ಲಿ ಮತ್ತೆ ಎದುರಾದವು. ಅವತ್ತು ಒಂದೂ ಹೊಡೆದಾಟ ಇರಲಿಲ್ಲ. ಕೆನಡಾ ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದಿತು. ಬೆಲೆ ಏರಿದಾಗ ಯಾರೂ ಕೊಳ್ಳಲಿಲ್ಲ, ಅಲ್ವಾ?

ಒಟ್ಟು ಸಂಖ್ಯೆಯೂ ಇಳಿದಿದೆ. 2008-09ರಲ್ಲಿ ಎನ್‌ಎಚ್‌ಎಲ್‌ನಲ್ಲಿ 700ಕ್ಕೂ ಹೆಚ್ಚು ಜಗಳಗಳಾಗಿದ್ದವು. ಹತ್ತು ವರ್ಷ ಕಳೆಯುವಾಗ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಬಂತು. ಯಾರೋ ಬುದ್ಧಿ ಹೇಳಿದ್ದರಿಂದ ಹೀಗಾಗಲಿಲ್ಲ. 2005ರಲ್ಲಿ ಪ್ರತಿ ತಂಡ ಸಂಬಳಕ್ಕೆ ಖರ್ಚು ಮಾಡುವ ಹಣಕ್ಕೆ ಮಿತಿ ಬಂತು. ಆಟಗಾರನನ್ನು ಹಿಡಿದು ಎಳೆಯುವುದಕ್ಕೆ ದಂಡ ಬಿಗಿಯಾಗಿ, ಆಟ ವೇಗವಾಯಿತು. ಪಂದ್ಯಕ್ಕೆ ನಾಲ್ಕೈದು ನಿಮಿಷ ಇಳಿದು ಹೊಡೆದು ಕೂರುವವನಿಗೆ ಸಂಬಳ ಕೊಡುವುದು ತಂಡಗಳಿಗೆ ಭಾರವಾಯಿತು. ನಿಯಮ ಏರಿಸದ ಬೆಲೆಯನ್ನು ಮಾರುಕಟ್ಟೆ ಏರಿಸಿತು.

ಆದರೂ ಪೂರ್ತಿ ನಿಲ್ಲಿಸಲು ಮನಸ್ಸಿಲ್ಲ. ಇದು ನಮ್ಮ ಸಂಪ್ರದಾಯ, ಇದನ್ನು ತೆಗೆದರೆ ಆಟವೇ ಸಾಯುತ್ತದೆ ಅನ್ನುತ್ತಾರೆ. ಈ ಮಾತು ಕರಾವಳಿಯ ನಮಗೆ ಹೊಸದಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್‌ನ ಜಲ್ಲಿಕಟ್ಟು ತೀರ್ಪಿನ ನಂತರ ಕಂಬಳಕ್ಕೂ ಕುತ್ತು ಬಂದಾಗ ಇಲ್ಲಿಯೂ ಇದೇ ಮಾತು ಕೇಳಿದ್ದೆವು. ಆಮೇಲೆ ಆದದ್ದೇನು? ಕೋಣಗಳಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನೊಂದಿಗೆ ರಾಜ್ಯ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಕಂಬಳ ಸತ್ತಿಲ್ಲ. ಗದ್ದೆಯ ಸುತ್ತ ಈಗಲೂ ಜನ ಸೇರುತ್ತಾರೆ. ಕೆನಡಾದಲ್ಲೂ ದಾರಿ ಮುಚ್ಚಿಲ್ಲ. ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಿಂದ ಜಗಳವಾಡಿದವನನ್ನು ಪಂದ್ಯದಿಂದಲೇ ಹೊರಗೆ ಕಳಿಸುತ್ತಿದೆ. ಅಲ್ಲಿಯೂ ಆಟ ನಡೆಯುತ್ತಲೇ ಇದೆ.

ಈಗ ನಮ್ಮ ಹಾಕಿಗೆ ಬರುವ. ಇಲ್ಲಿ ಎದುರಾಳಿಯ ಮೈ ಮುಟ್ಟುವ ಹಾಗಿಲ್ಲ, ಅವನ ಸ್ಟಿಕ್ಕಿಗೆ ನಮ್ಮ ಸ್ಟಿಕ್ ಹೊಡೆಯುವ ಹಾಗಿಲ್ಲ. ತಪ್ಪಿದರೆ ಮೂರು ಕಾರ್ಡು. ಹಸಿರು ತ್ರಿಕೋನಕ್ಕೆ ಎರಡು ನಿಮಿಷ ಹೊರಗೆ. ಹಳದಿ ಚೌಕಕ್ಕೆ ಕನಿಷ್ಠ ಐದು ನಿಮಿಷ. ಕೆಂಪು ವೃತ್ತ ತೋರಿಸಿದರೆ ಆ ಪಂದ್ಯ ಅವನಿಗೆ ಮುಗಿಯಿತು. ಮುಖ್ಯ ಸಂಗತಿ, ಹೊರಗೆ ಹೋದವನ ಜಾಗಕ್ಕೆ ಇನ್ನೊಬ್ಬನನ್ನು ಇಳಿಸುವಂತಿಲ್ಲ. ಉಳಿದ ಹತ್ತು ಜನ ಅವನ ಓಟವನ್ನೂ ಓಡಬೇಕು. ಜಗಳದ ಬೆಲೆಯನ್ನು ಇಲ್ಲಿ ಇಡೀ ತಂಡ ತೆರುತ್ತದೆ.

ಇದು ಎಷ್ಟು ಕಠಿಣ ಅಂತ 2024ರ ಆಗಸ್ಟ್ 4ರಂದು ಪ್ಯಾರಿಸ್‌ನಲ್ಲಿ ನೋಡಿದೆವು. ಗ್ರೇಟ್ ಬ್ರಿಟನ್ ವಿರುದ್ಧ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಅವರ ಸ್ಟಿಕ್ ವಿಲ್ ಕ್ಯಾಲ್ನನ್ ಮುಖಕ್ಕೆ ತಗುಲಿತು. ವಿಡಿಯೋ ನೋಡಿ ಕೆಂಪು ಕಾರ್ಡು ಕೊಟ್ಟರು. ಬೇಕಂತ ಮಾಡಿದ್ದಲ್ಲ ಅಂತ ನಮ್ಮ ಕಡೆಯವರ ವಾದ. ನನಗೂ ಹಾಗೇ ಅನಿಸಿತು. ಆದರೆ ಮುಖಕ್ಕೆ ಸ್ಟಿಕ್ ಬಡಿದಾಗ ಅಂಪೈರ್ ಕಣ್ಣು ಮುಚ್ಚಿ ಕೂರಲಿ ಅಂತ ನಾನು ಹೇಳಲಾರೆ. ಉಳಿದ 43 ನಿಮಿಷ ಭಾರತ ಹತ್ತೇ ಜನರಿಂದ ಆಡಿತು. ಹರ್ಮನ್‌ಪ್ರೀತ್ ಗೋಲು ಹೊಡೆದರು, ಬ್ರಿಟನ್ ಸಮ ಮಾಡಿತು, ಆಮೇಲೆ ಗೋಡೆ ಕಟ್ಟಿದ ಹಾಗೆ ನಿಂತರು. ಸ್ಕೋರ್ 1-1. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ತಡೆದರು, 4-2ರಿಂದ ಗೆದ್ದೆವು. ಗಟ್ಟಿತನ ನೋಡಬೇಕಾದರೆ ನಾನು ಅಳಿಯನಿಗೆ ಆ 43 ನಿಮಿಷಗಳನ್ನೇ ತೋರಿಸುತ್ತೇನೆ.

ರೋಹಿದಾಸ್ ಅವರ ಕೆಲಸವನ್ನೂ ಇಲ್ಲಿ ಹೇಳಬೇಕು. ಅವರು ನಮ್ಮ ತಂಡದ ಫಸ್ಟ್ ರಶರ್. ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ನಮ್ಮ ತಪ್ಪಿಗೆ ದಂಡವಾಗಿ ಗೋಲು ಹೊಡೆಯುವ ಅವಕಾಶ, ಸಿಕ್ಕಾಗ ನಮ್ಮ ಕಡೆ ಗೋಲ್‌ಕೀಪರ್ ಸೇರಿ ಐದು ಜನ ಗೋಲು ಗೆರೆಯ ಹಿಂದೆ ನಿಲ್ಲುತ್ತಾರೆ. ಚೆಂಡು ತಳ್ಳಿದ ಕ್ಷಣ ಒಬ್ಬ ಓಡುತ್ತಾನೆ, ನೇರ ಡ್ರ್ಯಾಗ್ ಫ್ಲಿಕ್ ಹೊಡೆಯುವವನ, ಅಂದರೆ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಚಿಮ್ಮಿಸುವವನ ಕಡೆಗೆ. ಚೆಂಡಿನ ತೂಕ ಸುಮಾರು 160 ಗ್ರಾಂ, ಕಲ್ಲಿನ ಹಾಗೆ ಗಟ್ಟಿ. ಅದು ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಬರುತ್ತದೆ. ಎಲ್ಲರೂ ತಪ್ಪಿಸಿಕೊಳ್ಳುವ ಚೆಂಡಿಗೆ ಇವನು ಎದುರು ಹೋಗಬೇಕು. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್. ಉಳಿದದ್ದು ಎದೆಗಾರಿಕೆ. ಕೆಂಪು ಕಾರ್ಡಿನಿಂದಾಗಿ ರೋಹಿದಾಸ್ ಸೆಮಿಫೈನಲ್ ಕೂಡ ಆಡುವಂತಿರಲಿಲ್ಲ. ಅಲ್ಲಿ ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಿಂದಲೇ ಬಂತು, ಗೊನ್ಸಾಲೊ ಪೆಯಾಟ್ ಹೊಡೆದರು. 3-2ರಿಂದ ಸೋತೆವು. ಅವರಿದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಯಾರೂ ಹೇಳಲಾಗದು. ಆದರೆ ಅತ್ಯಂತ ಗಟ್ಟಿ ಆಟಗಾರನನ್ನೇ ಒಂದು ಎತ್ತಿದ ಸ್ಟಿಕ್ ನಮ್ಮಿಂದ ದೂರ ಮಾಡಿತು ಅನ್ನುವುದು ಸತ್ಯ.

ಮೈಗೆ ಮೈ ತಾಗಿದರೆ ಜಗಳ ಸಹಜ ಅನ್ನುವವರಿದ್ದಾರೆ. ಅವರು ನಮ್ಮೂರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಒಮ್ಮೆ ಬರಬೇಕು. ಕಾಲು ಹಿಡಿದು ಎಳೆಯುತ್ತಾರೆ, ಎದೆಗೆ ಗುದ್ದಿ ಗೆರೆ ದಾಟಿಸುತ್ತಾರೆ, ಒಬ್ಬನ ಮೇಲೆ ಐದು ಜನ ಬೀಳುತ್ತಾರೆ. ಶಿಳ್ಳೆ ಊದಿದ ಕೂಡಲೇ ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸುತ್ತಾರೆ. ಕಾರ್ಕಳದ ಮಮತಾ ಪೂಜಾರಿ ಈ ಆಟ ಆಡಿಯೇ ದೇಶದ ತಂಡದ ನಾಯಕಿಯಾದರು. ಕಬಡ್ಡಿಯಲ್ಲೂ ಕೆಲವೊಮ್ಮೆ ಜಗಳ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ತಂಡವೂ ಹೊಡೆದಾಡುವುದಕ್ಕೆ ಅಂತಲೇ ಒಬ್ಬನನ್ನು ಇಟ್ಟುಕೊಳ್ಳುವುದಿಲ್ಲ.

ಹಾಗಂತ ನಮ್ಮ ಹಾಕಿಯವರೆಲ್ಲ ಸಾಧುಗಳೂ ಅಲ್ಲ. 2019ರ ನವೆಂಬರ್‌ನಲ್ಲಿ ದೆಹಲಿಯ ನೆಹರು ಕಪ್ ಫೈನಲ್‌ನಲ್ಲಿ ಪಂಜಾಬ್ ಸಶಸ್ತ್ರ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ತಂಡದ ಆಟಗಾರರು ಮೈದಾನದಲ್ಲೇ ಸ್ಟಿಕ್ ಬೀಸಿ ಬಡಿದಾಡಿದರು. ಎರಡೂ ಕಡೆಯ ಆಟಗಾರರನ್ನು ಹಾಕಿ ಇಂಡಿಯಾ ಅಮಾನತು ಮಾಡಿತು. ಇಂಥದ್ದು ಹೇಗೆ ಹುಟ್ಟುತ್ತದೆ ಅಂತ ನನಗೆ ಗೊತ್ತು. ಯಾಕೆಂದರೆ ಅಂಥ ಒಂದು ಪಂದ್ಯದಲ್ಲಿ ನಾನೂ ಇದ್ದೆ.

ಹೈಸ್ಕೂಲಿನ ಕೊನೆಯ ವರ್ಷ. ಶಾಲೆಗಳ ನಡುವಿನ ಒಂದು ಪಂದ್ಯಾಟ. ಮುರಕಲ್ಲಿನ ಮಣ್ಣಿನ ಮೈದಾನ, ಚೆಂಡು ಸಣ್ಣ ಕಲ್ಲಿಗೆ ತಾಗಿದರೆ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ನಾನು ಬಗ್ಗಿ ಚೆಂಡು ಹಿಡಿಯುವಾಗ ಎದುರಿನವನ ಸ್ಟಿಕ್ ನನ್ನ ಗಲ್ಲಕ್ಕೆ ಬಿತ್ತು. ರಕ್ತ ಸುರಿಯಿತು, ನಾಲ್ಕು ಹೊಲಿಗೆ ಬಿತ್ತು. ಅಂಪೈರ್ ಆಗಿ ನಿಂತಿದ್ದ ಮಾಸ್ಟ್ರು ಫ್ರೀ ಹಿಟ್ ಮಾತ್ರ ಕೊಟ್ಟರು. "ಹಾಕಿಯಲ್ಲಿ ಇದೆಲ್ಲ ಮಾಮೂಲು ಮಾರಾಯ" ಅಂದರು. ಅವರ ಕಿಸೆಯಲ್ಲಿ ಕಾರ್ಡು ಇರಲೇ ಇಲ್ಲ. ನಾನು ಬಟ್ಟೆ ಒತ್ತಿ ಹಿಡಿದು ಗೆರೆಯ ಹೊರಗೆ ಕೂತಿದ್ದೆ. ನನ್ನ ಗೆಳೆಯ ಹತ್ತಿರ ಬಂದು, "ನೀನು ಸುಮ್ನೆ ಕೂತ್ಕೋ, ನಾನು ನೋಡ್ಕೊಳ್ತೇನೆ" ಅಂದ. ಹತ್ತು ನಿಮಿಷದಲ್ಲಿ ಆ ಹುಡುಗನ ಕಣಕಾಲಿಗೆ ಬಡಿದ. ನನಗೆ ಅವತ್ತು ಸಮಾಧಾನವಾಗಿತ್ತು. ಅದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ. ಅವರ ಕಡೆಯವನು ನಮ್ಮ ಇನ್ನೊಬ್ಬನಿಗೆ ಬಡಿದ. ಪಂದ್ಯ ಮುಗಿಯಲೇ ಇಲ್ಲ. ಊರವರು ಬಂದು ಬಿಡಿಸಬೇಕಾಯಿತು.

ಎನ್‌ಫೋರ್ಸರ್ ಅಂದರೆ ಯಾರು ಅಂತ ಓದುವಾಗ ನನಗೆ ಆ ಗೆಳೆಯನ ಮುಖವೇ ಕಣ್ಣ ಮುಂದೆ ಬಂತು. ಅವನು ಕೆಟ್ಟ ಹುಡುಗ ಆಗಿರಲಿಲ್ಲ. ಶಿಳ್ಳೆ ಹಿಡಿದವರು ನ್ಯಾಯ ಮಾಡಲಿಲ್ಲ, ಹಾಗಾಗಿ ಅವನು ಮಾಡಲು ಹೊರಟ. ಮಂಜಿನ ಮೇಲೆ ನೂರು ವರ್ಷದಿಂದ ನಡೆಯುತ್ತಿರುವುದೂ ಇದೇ. ಆದರೆ ಹಾಗೆ ಮಾಡಿದ ನ್ಯಾಯ ಯಾವ ಪೆಟ್ಟನ್ನೂ ತಡೆಯಲಿಲ್ಲ, ಪೆಟ್ಟಿಗೆ ಪೆಟ್ಟು ಸೇರಿಸಿತು ಅಷ್ಟೇ.

ಬೆಲೆ ಕಟ್ಟಲು ಕಾರ್ಡೇ ಬೇಕಂತಿಲ್ಲ ಅನ್ನುವುದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ಸಂಪಾಜೆ ದಾಟಿ ಘಟ್ಟ ಹತ್ತಿದರೆ ಕೊಡಗು. ಅಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಅಜ್ಜ, ಮೊಮ್ಮಗ, ಮನೆಯ ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಇಳಿಯುವುದುಂಟು. ಎದುರಿಗೆ ಇರುವವನು ಮುಂದಿನ ತಿಂಗಳು ಮದುವೆ ಮನೆಯಲ್ಲಿ ಪಕ್ಕದಲ್ಲೇ ಕೂತು ಊಟ ಮಾಡುವವನು. ಅವನ ಮುಖಕ್ಕೆ ಸ್ಟಿಕ್ ಎತ್ತುವ ಮೊದಲು ಯಾರಾದರೂ ಎರಡು ಸಲ ಯೋಚಿಸುತ್ತಾರೆ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಹೇಳಿದ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಕೆನಡಾದಲ್ಲಿ 2013ರಲ್ಲಿ ಹನ್ನೊಂದು, ಹನ್ನೆರಡು ವಯಸ್ಸಿನ ಮಕ್ಕಳ ಆಟದಿಂದ ಬಾಡಿ ಚೆಕ್ ತೆಗೆದುಹಾಕಿದ್ದಾರೆ. ಮಕ್ಕಳು ಮೆತ್ತಗಾಗುತ್ತಾರೆ ಅಂತ ಅನೇಕರು ವಿರೋಧಿಸಿದ್ದರು. ತಲೆಯ ಪೆಟ್ಟು, ಉಳಿದ ಗಾಯ ಎರಡೂ ಚೆನ್ನಾಗಿ ಇಳಿದವು. ಅವನ ಮಗ ಹಾಗೆ ಕಲಿತವನೇ. "ಅವನು ನನಗಿಂತ ಚೆನ್ನಾಗಿ ಪಕ್ ಹಿಡಿತಾನೆ ಮಾಮ, ಯಾಕೆಂದರೆ ಹೆದರದೆ ಕಲಿತಿದ್ದಾನೆ" ಅಂದ.

ನಮ್ಮ ಕಡೆ ಮಳೆ ಬಿಟ್ಟ ಮೇಲೆ ಶಾಲೆಗಳ ಪಂದ್ಯಾಟ ಮತ್ತೆ ಶುರುವಾಗುತ್ತದೆ. ನಾನು ನೋಡಲು ಹೋಗುತ್ತೇನೆ. ಶಿನ್ ಗಾರ್ಡ್ ಇಲ್ಲದ ಮಕ್ಕಳು ಈಗಲೂ ಕಾಣುತ್ತಾರೆ, ಮೌತ್ ಗಾರ್ಡ್ ಅಂತೂ ಅಪರೂಪ. ಗೆರೆಯ ಹೊರಗೆ ನಿಂತ ಅಪ್ಪಂದಿರು "ಬಿಡ್ಬೇಡ, ಹೊಡಿ" ಅಂತ ಕೂಗುವುದೂ ಕೇಳುತ್ತದೆ. ಪಂದ್ಯಾಟ ನಡೆಸುವವರಲ್ಲಿ ನನ್ನದೊಂದು ಕೋರಿಕೆ ಇದೆ. ಶಾಮಿಯಾನ, ಟ್ರೋಫಿ, ಹಾರ ಎಲ್ಲ ಇರಲಿ. ಅದರ ಜೊತೆಗೆ ಅಂಪೈರ್ ಕಿಸೆಗೆ ಮೂರು ಕಾರ್ಡು ಹಾಕಿ ಕಳಿಸಿ. ನಡುಗೆರೆಯ ಪಕ್ಕ ಒಂದು ಕುರ್ಚಿ ಇಡಿ, ವಾಚು ನೋಡಲು ಒಬ್ಬರನ್ನು ಕೂರಿಸಿ. ಮೊದಲ ಸಲ ಸ್ಟಿಕ್ ಎತ್ತಿದ ಹುಡುಗ ಎರಡು ನಿಮಿಷ ಆ ಕುರ್ಚಿಯಲ್ಲಿ ಕೂತು, ತನ್ನವರು ಹತ್ತೇ ಜನ ಓಡುವುದನ್ನು ನೋಡಲಿ.